ಉಳುಕಿದ ಕಾಲು
ಅತ್ತಿವೇರಿಯ ಕಡೆಯ ನಮ್ಮ ಬಾಲಿಕೆಯರು ಖೋಖೋ ಆಡುತ್ತ ಕಾಲುಳುಕಿಸಿಕೊಂಡರೆ ಮನೆಯವರು ಮೊದಲು ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವರು. ಅನಂತರ ಆಟವನ್ನೇ ಬಿಡಿಸುವರು. ಇವೆರಡೂ ತಪ್ಪೆಂದು ನಾವು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಹೊಸ ಪೆಟ್ಟನ್ನು ತಿಕ್ಕಿದರೆ ಬಾವು ಹೆಚ್ಚುವುದು. ಪಟ್ಟಿ ಸುತ್ತಿ ಕಾಲನ್ನು ಎತ್ತರದಲ್ಲಿಡುವುದೇ ಲೇಸು. ನಾಲ್ಕು ಹೆಜ್ಜೆಗಳನ್ನೂ ಇಡಲಾರದಿದ್ದರೆ, ಇಲ್ಲವೆ ಕಾಲಿನ ಹರಡಿನ ಎಲುಬನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಯಿಸತಕ್ಕದ್ದು. ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ನಿಯಮಗಳ ಸಾರವಿದು. ಎಲುಬು ಮುರಿದಿಲ್ಲವೆಂದು ತಿಳಿದ ಮೇಲೆ ವಾರಗಟ್ಟಲೆ ಮಲಗಿಸಬಾರದು. ಮೆಲ್ಲನೆ ನಡೆಯಿಸಿ, ನೋವು ತಗ್ಗಿದಂತೆ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸವನ್ನು ಮಾಡಿಸಬೇಕು. ಕುಂಟಾಬಿಲ್ಲೆಯಾಡಿದ ಹಳೆಯ ವಿದ್ಯಾರ್ಥಿನಿಯರಿಗೆ ಇದೇನೂ ಕಠಿಣವೆನಿಸದು! ಈ ಅಭ್ಯಾಸವು ಅದೇ ಕಾಲು ಪುನಃ ಉಳುಕುವುದನ್ನು ಕಡಿಮೆ ಮಾಡುವುದು. ಓಡಲೂ ಹಾರಲೂ ನೋವಿಲ್ಲವೆಂದು ಕಂಡೊಡನೆ ಮಗಳನ್ನು ಬಯಲಿಗೆ ಮರಳಿ ಕಳುಹಿಸಬೇಕೆಂದು ಪಾಲಕರಲ್ಲಿ ನಮ್ಮ ಬಿನ್ನಹ.