ಒಂದು ಕುದುರೆಗೆ ಮೂರು ಹೆಸರು

ಹಳ್ಳಿಯ ಮಾತೆಂದರೆ ಶಿಷ್ಟಭಾಷೆ ಕೆಟ್ಟು ಆದದ್ದು ಎಂದು ತಿಳಿಯುವ ವಾಡಿಕೆ ವಿದ್ಯಾವಂತರಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಪುಸ್ತಕದ ಪದವೇ ಮೂಲ, ಹೊಲದ ಪದ ಅದರ ವಿಕಾರ ಎಂಬುದು ಈ ತಿಳಿವಳಿಕೆಯ ಸಾರ. ಇದು ಎಷ್ಟರಮಟ್ಟಿಗೆ ನಿಜ? ಗಿಡಮರಗಳ ವಿಷಯದಲ್ಲಿ ಹೇಗೋ ಹಾಗೆಯೇ ಪದಗಳ ವಿಷಯದಲ್ಲಿಯೂ ವಿಜ್ಞಾನವು ಮೊದಲು ಕೇಳುವುದು ಸಾಕ್ಷ್ಯವನ್ನು. ಜರ್ಮನ್ ಭಾಷೆಯ ಉಪಭಾಷೆಗಳಲ್ಲಿ ಕುದುರೆಗೆ ಇರುವ ಹೆಸರುಗಳು ಅಂತಹ ಸಾಕ್ಷ್ಯವನ್ನು ಒದಗಿಸುತ್ತವೆ.

ಜರ್ಮನ್ ನಾಡುಗಳ ರೈತರು ಉಳುವುದಕ್ಕೂ ಬಂಡಿ ಎಳೆಸುವುದಕ್ಕೂ ಕುದುರೆಯನ್ನು ಬಳಸುತ್ತಿದ್ದರು. ಆದರೆ ಅದನ್ನು ಎಲ್ಲರೂ ಒಂದೇ ಹೆಸರಿನಿಂದ ಕರೆಯುತ್ತಿರಲಿಲ್ಲ. ಶಿಷ್ಟ ಜರ್ಮನ್ನಿನ ಹೆಸರು ‘ಪ್ಫೇರ್ಡ್’. ಉತ್ತರದ ತಗ್ಗುನಾಡಿನ ಆಡುಮಾತಿನಲ್ಲಿ ಅದು ‘ಪೇರ್ಡ್’. ದಕ್ಷಿಣದ ಬವೇರಿಯ, ಆಸ್ಟ್ರಿಯ, ಸ್ವಿಟ್ಸರ್ಲೆಂಡುಗಳ ಹಳ್ಳಿಗಳಲ್ಲಿ ‘ರೊಸ್’ ಎಂಬ ಬೇರೆಯೇ ಪದ. ನಡುವಣ ಹೆಸ್ಸೆ, ಫ್ರಾಂಕೋನಿಯ ಮತ್ತು ಶ್ವೇಬಿಯ ಸೀಮೆಗಳಲ್ಲಿ ‘ಗೌಲ್’ ಎಂಬ ಮೂರನೆಯದು.

ಈ ಸಂಗತಿಯನ್ನು ಊರೂರಿನ ಲೆಕ್ಕದಲ್ಲಿ ತಿಳಿಯಲು ಕಾರಣನಾದವನು ಗೇಯೋರ್ಗ್ ವೆಂಕರ್ ಎಂಬ ವಿದ್ವಾಂಸ. ಅವನು ೧೮೭೬ರಲ್ಲಿ ರೈನ್ ಪ್ರಾಂತದ ಶಾಲಾ ಉಪಾಧ್ಯಾಯರಿಗೆ ಕೆಲವು ಸರಳ ವಾಕ್ಯಗಳನ್ನು ಕಳುಹಿಸಿ, ಅವನ್ನು ತಮ್ಮ ಊರಿನ ಮಾತಿನಲ್ಲಿ ಬರೆದು ಕೊಡಬೇಕೆಂದು ಕೇಳಿಕೊಂಡನು. ಮುಂದೆ ಈ ಕೆಲಸ ಜರ್ಮನ್ ಸಾಮ್ರಾಜ್ಯಕ್ಕೆಲ್ಲ ಹರಡಿತು. ವಾಕ್ಯಗಳ ಸಂಖ್ಯೆ ೪೦ ಎಂದು ನಿಂತಿತು. ೪೦,೦೦೦ಕ್ಕೂ ಹೆಚ್ಚು ಶಾಲೆಗಳಿಂದ ಉತ್ತರಗಳು ಬಂದವು. ಆ ವಾಕ್ಯಗಳಲ್ಲೊಂದು, ಮುದುಕನೊಬ್ಬನು ಕುದುರೆಯೊಡನೆ ಮಂಜುಗಡ್ಡೆ ಬಿರಿದು ತಣ್ಣೀರಿಗೆ ಬಿದ್ದ ಸಂಗತಿಯನ್ನು ಹೇಳುತ್ತದೆ. ಕುದುರೆಯ ಹೆಸರುಗಳು ನಕ್ಷೆಯ ಮೇಲೆ ಮೂಡಿದುದು ಆ ವಾಕ್ಯದಿಂದ.

ಈಗ ಒಂದೊಂದರ ವಂಶವನ್ನು ವಿಚಾರಿಸೋಣ. ಗೌರವದ ಸ್ಥಾನದಲ್ಲಿರುವ ‘ಪ್ಫೇರ್ಡ್’ ಜರ್ಮನ್ ಮೂಲದ್ದೇ ಅಲ್ಲ! ರೋಮನ್ ಸಾಮ್ರಾಜ್ಯದ ಅಂಚೆಯ ಕುದುರೆಗೆ ‘ವೆರೆದುಸ್’ ಎಂದು ಹೆಸರು. ಲ್ಯಾಟಿನ್ ಭಾಷೆ ಅದನ್ನು ಗಾಲ್ ದೇಶದ ಕೆಲ್ಟಿಕ್ ಜನರಿಂದ ಪಡೆದಿತ್ತು. ಹೆದ್ದಾರಿಯನ್ನು ಬಿಟ್ಟು ಅಡ್ಡದಾರಿಗಳಲ್ಲಿ ಓಡುವ ಹೆಚ್ಚುವರಿ ಕುದುರೆಯನ್ನು, ‘ಬದಿ’ ಎಂಬ ಅರ್ಥದ ಗ್ರೀಕ್ ಉಪಸರ್ಗವನ್ನು ಸೇರಿಸಿ, ‘ಪರವೆರೆದುಸ್’ ಎಂದರು. ಈ ನೀಳವಾದ ಪದವೇ ಜರ್ಮನರ ಬಾಯಲ್ಲಿ ಸವೆದು ಸವೆದು ‘ಪ್ಫೇರ್ಡ್’ ಆಯಿತು. ಅಂದರೆ ಗ್ರೀಕ್ ತಲೆ, ಕೆಲ್ಟಿಕ್ ಒಡಲು, ಲ್ಯಾಟಿನ್ ಸಜ್ಜು. ಸವಾರ ಮಾತ್ರ ಜರ್ಮನ್.

ಈ ಪದ ಹಳೆಯ ಕಾಲದಲ್ಲಿಯೇ ಬಂದಿತೆಂದು ಹೇಗೆ ಹೇಳಬಹುದು? ಇದಕ್ಕೆ ಸಮನಾದ ತರ್ಕವು ಕನ್ನಡದಲ್ಲಿಯೇ ಉಂಟು. ಹಳಗನ್ನಡದ ‘ಪಾಲ್’ ಹತ್ತನೆಯ ಶತಮಾನದಿಂದೀಚೆಗೆ ಮೆಲ್ಲಮೆಲ್ಲನೆ ‘ಹಾಲು’ ಆಯಿತು. ಸಂಸ್ಕೃತದ ‘ಪರ್ವ’ವು ಅದಕ್ಕೆ ಮುಂಚೆಯೇ ‘ಪಬ್ಬ’ವಾಗಿ ನಮ್ಮದಾಗಿದ್ದುದರಿಂದ ಅದೂ ‘ಹಬ್ಬ’ವಾಯಿತು. ತಡವಾಗಿ ಬಂದ ‘ಪೊಲೀಸು’, ‘ಪೆನ್ಸಿಲು’ಗಳ ಪಕಾರ ಹಾಗೆಯೇ ಉಳಿದಿದೆ. ಜರ್ಮನ್ನಿನಲ್ಲಿಯೂ ದಕ್ಷಿಣದ ಕಡೆ ಪದಾದಿಯ ಪಕಾರವು ‘ಪ್ಫ’ ಆಗಿ ಮಾರ್ಪಟ್ಟಿತು. ಎಂಟನೆಯ ಶತಮಾನದ ಬರಹಗಳಲ್ಲಿ ಈ ಮಾರ್ಪಾಟು ಆಗಲೇ ಕಾಣುತ್ತದೆ. ‘ಪ್ಫೇರ್ಡ್’ ಅದಕ್ಕೆ ಒಳಗಾಗಿದೆ. ಬಹಳ ತಡವಾಗಿ ಬಂದ ‘ಪೋಸ್ಟ್’ ಒಳಗಾಗಿಲ್ಲ. ಈ ಮಾರ್ಪಾಟು ಉತ್ತರದ ತಗ್ಗುನಾಡನ್ನು ಮುಟ್ಟಲಿಲ್ಲ. ಆದುದರಿಂದ ಅಲ್ಲಿಯ ರೈತನ ‘ಪೇರ್ಡ್’ ಶಿಷ್ಟಪದ ಕೆಟ್ಟು ಆದದ್ದಲ್ಲ. ಮೊದಲಿನ ಪಕಾರವನ್ನು ಕಾಪಾಡಿಕೊಂಡವನು ಅವನೇ.

‘ರೊಸ್’ ಪದದ ಕಥೆ ಇನ್ನೂ ಸ್ವಾರಸ್ಯವಾದುದು. ಹಳೆಯ ಜರ್ಮನ್ನಿನಲ್ಲಿ ಇದರ ರೂಪ ‘ಹ್ರೊಸ್’. ಇಂಗ್ಲಿಷಿನ ‘ಹಾರ್ಸ್’ ಇದರ ಒಡಹುಟ್ಟು. ನಮ್ಮ ‘ರಾಸು’ ಎಂಬ ಮಾತು ಇದರಂತೆಯೇ ಕೇಳುತ್ತದೆಯಾದರೂ ಅದು ಕೇವಲ ಆಕಸ್ಮಿಕ. ಹಳೆಯ ರೂಪದ ಹಕಾರವನ್ನು ನೋಡದೆ ಕಿವಿಯನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ. ‘ಪ್ಫೇರ್ಡ್’ ಹೊರಗಿನಿಂದ ಬಂದು ಮನೆಯನ್ನು ಹಿಡಿದಾಗ, ಈ ಹಳೆಯ ಜರ್ಮಾನಿಕ್ ಪದವು ದಕ್ಷಿಣದ ಹಳ್ಳಿಗಳಲ್ಲಿ ನೆಲೆ ಉಳಿಸಿಕೊಂಡಿತು. ಶಿಷ್ಟಭಾಷೆಯಲ್ಲಿ ಅದು ಕಾವ್ಯದ ಪದವಾಯಿತು. ‘ಗೌಲ್’ ಎಂಬುದರ ಗತಿ ಇದಕ್ಕೆ ವಿಪರೀತ. ಶ್ವೇಬಿಯದ ರೈತನಿಗೆ ಅದು ಸಾಮಾನ್ಯವಾದ ಕುದುರೆ. ಶಿಷ್ಟಭಾಷೆಯಲ್ಲಿ ಬಡಕಲು ಕುದುರೆ. ದಾನ ಬಂದ ಹಸುವಿನ ಹಲ್ಲೆಣಿಸಬಾರದೆಂದು ನಾವು ಹೇಳುವ ಗಾದೆಯನ್ನು ಜರ್ಮನರು ಹೇಳುವುದು ಈ ‘ಗೌಲ್’ ಪದದಿಂದಲೇ.

ಒಂದೇ ಪದವು ಒಂದು ಊರಿನಲ್ಲಿ ಕೊಟ್ಟಿಗೆಯ ಮಾತು, ಇನ್ನೊಂದರಲ್ಲಿ ಕಾವ್ಯದ ಮಾತು. ಮತ್ತೊಂದು ಪದ ಇಲ್ಲಿ ಸಹಜ, ಅಲ್ಲಿ ಹೀನ. ಹೀಗಿರುವಲ್ಲಿ ಶಿಷ್ಟತೆಯಾಗಲಿ ಗ್ರಾಮ್ಯತೆಯಾಗಲಿ ಪದದ ಗುಣವಲ್ಲವೆಂಬುದು ಸ್ಪಷ್ಟ. ಅದು ಆಡುವವರ ಅಂತಸ್ತಿನ ನೆರಳು. ನಾಡಿಗೆಲ್ಲ ತಿಳಿಯುವ ಒಂದು ಭಾಷೆ ಬೇಡವೆ ಎಂದು ಕೆಲವರು ಕೇಳಬಹುದು. ಖಂಡಿತವಾಗಿ ಬೇಕು. ಪಾಠಪುಸ್ತಕಕ್ಕೂ ನ್ಯಾಯಾಲಯಕ್ಕೂ ವೃತ್ತಪತ್ರಿಕೆಗೂ ಅದು ಅನಿವಾರ್ಯ. ಆದರೆ ರಾಜಬೀದಿ ಬೇಕೆಂದು ಕಾಲುದಾರಿಗಳನ್ನೆಲ್ಲ ಅಗೆದು ಹಾಕುವ ಅಗತ್ಯವಿಲ್ಲ. ಅಡ್ಡದಾರಿಯ ಕುದುರೆಯ ಹೆಸರೇ ಶಿಷ್ಟಪದವಾದ ಭಾಷೆಯಿಂದ ಈ ಪಾಠವನ್ನಾದರೂ ಕಲಿಯಬಹುದು.

ಇಂತಹ ಸಾಕ್ಷ್ಯವು ಎಂದೆಂದಿಗೂ ಕಾದು ಕುಳಿತಿರುವುದಿಲ್ಲ. ವಾಲ್ಟರ್ ಮಿಟ್ಸ್ಕನ ನೇತೃತ್ವದ ಜರ್ಮನ್ ಪದನಕ್ಷೆಗಳು ೧೯೫೧ರಿಂದ ಅಚ್ಚಾಗತೊಡಗಿದವು. ಅದೇ ಕಾಲದಲ್ಲಿ ಹೊಲಗಳಲ್ಲಿ ಕುದುರೆಯ ಸ್ಥಾನವನ್ನು ಟ್ರಾಕ್ಟರು ಆಕ್ರಮಿಸುತ್ತಿತ್ತು. ಪ್ರಾಣಿ ಹೊಲವನ್ನು ಬಿಟ್ಟರೆ ಅದರ ಹೆಸರೂ ಅದರ ಹಿಂದೆಯೇ ಹೊರಡುತ್ತದೆ. ವೆಂಕರನು ಅಂದು ಬರೆಯಿಸಿದ್ದರಿಂದಲೇ ಅವನ ನಕ್ಷೆಗಳು ಇಂದು ಗಣಕಯಂತ್ರದಲ್ಲಿ ಎಲ್ಲರಿಗೂ ದೊರೆಯುತ್ತಿವೆ.

ಕನ್ನಡಿಗರಿಗೆ ಈ ಕಥೆಯೊಡನೆ ಒಂದು ನಂಟೂ ಉಂಟು. ೧೮೯೪ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು ೧೮೩೨ರಲ್ಲಿ, ‘ಪೇರ್ಡ್’ ಎನ್ನುವ ಪೂರ್ವ ಫ್ರೀಸಿಯದಲ್ಲಿ. ತೀರಿಕೊಂಡದ್ದು ೧೯೦೩ರಲ್ಲಿ, ‘ಗೌಲ್’ ಎನ್ನುವ ಶ್ವೇಬಿಯದ ಟ್ಯೂಬಿಂಗೆನ್ನಿನಲ್ಲಿ. ಅವರ ನಿಘಂಟಿನಲ್ಲಿ ಕಾವ್ಯದ ಪದಗಳ ಜೊತೆಗೆ ಆಡುಮಾತಿಗೂ ಗಾದೆಗಳಿಗೂ ಎಡೆ ದೊರೆತಿದೆ.

ವೆಂಕರನ ನಕ್ಷೆಗಳನ್ನು ತುಂಬಿದವರು ಹಳ್ಳಿಯ ಉಪಾಧ್ಯಾಯರು ಮತ್ತು ಅವರಿಗೆ ನೆರವಾದ ಬಾಲಕ ಬಾಲಕಿಯರು. ನಮ್ಮ ವಿದ್ಯಾರ್ಥಿಗಳಿಗೂ ಇದು ನಿಲುಕದ ಕೆಲಸವಲ್ಲ. ಕರುವಿಗೆ, ಹೋರಿಗೆ, ನೊಗದ ಒಂದೊಂದು ಭಾಗಕ್ಕೆ ತಮ್ಮ ಊರಿನಲ್ಲಿ ಏನೆನ್ನುತ್ತಾರೆ, ನೆರೆಯ ತಾಲ್ಲೂಕಿನಲ್ಲಿ ಏನೆನ್ನುತ್ತಾರೆ ಎಂಬುದನ್ನು ಹಿರಿಯರಿಂದ ಕೇಳಿ, ಊರಿನ ಹೆಸರನ್ನೂ ತಾರೀಖನ್ನೂ ಸೇರಿಸಿ ಬರೆದಿಡಲಿ. ಕೇಳಿದ್ದನ್ನು ತಿದ್ದದೆ ಬರೆಯುವುದೊಂದೇ ಇದರ ನಿಯಮ.