ಸೈಟು ಕೊಳ್ಳುವ ಮುನ್ನ ಹಳೆಯ ನಕ್ಷೆ ನೋಡೋಣ

ಲೆಕ್ಕಶಾಸ್ತ್ರದಲ್ಲಿ ಯಂತ್ರಕ್ಕೆ, ಪೀಠೋಪಕರಣಕ್ಕೆ ಸವಕಳಿ ಕಳೆಯುತ್ತೇವೆ, ಜಮೀನಿಗೆ ಕಳೆಯುವುದಿಲ್ಲ. ಆದರೆ ನಮ್ಮ ಉತ್ತರ ಬೆಂಗಳೂರಿನಲ್ಲಿ ಒಂದೇ ಮಳೆಗೆ ಜಾಗದ ಬೆಲೆ ಇಳಿಯುವುದನ್ನು ನೋಡಿದ್ದೇವೆ. 2024ರ ಅಕ್ಟೋಬರ್‌ನಲ್ಲಿ ಯಲಹಂಕ ಕೆರೆಯ ನೀರು ಕೇಂದ್ರೀಯ ವಿಹಾರಕ್ಕೆ ನುಗ್ಗಿ, ಜನರನ್ನು ದೋಣಿಯಲ್ಲಿ ಹೊರಗೆ ತರಬೇಕಾಯಿತು.

ಮಳೆಯನ್ನು ಬೈದರೆ ಸಾಲದು. ಸರ್ವೆ ಆಫ್ ಇಂಡಿಯಾದ ಹಳೆಯ ಸ್ಥಳಾಕೃತಿ ನಕ್ಷೆ, ಅಂದರೆ ಟೋಪೋಶೀಟ್ ನೋಡಬೇಕು. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಎಲ್ಲವೂ 57 ಜಿ/12 ಎಂಬ ಒಂದೇ ಹಾಳೆಯಲ್ಲಿವೆ. ನೀರಿಗೆ ನೀಲಿ, ಹೊಲಗದ್ದೆಗೆ ಹಳದಿ, ಎತ್ತರ ತಗ್ಗು ತೋರಿಸುವ ಗೆರೆಗಳಿಗೆ ಕಂದು ಬಣ್ಣ. ಮೇಲೆ ಕೆರೆ, ಏರಿಯ ಕೆಳಗೆ ಗದ್ದೆ. ಯಲಹಂಕದ ಕೋಡಿ ನೀರು ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿಗೆ, ಹೆಬ್ಬಾಳದ್ದು ನಾಗವಾರಕ್ಕೆ. ಕೆರೆ ಕೋಡಿ ಬಿದ್ದರೆ ಬಾಗಿನ ಬಿಡುತ್ತಿದ್ದ ಊರುಗಳಲ್ಲಿ ಇಂದು ಜನ ಮನೆ ಸಾಮಾನು ಮೇಲೆತ್ತಿಡುತ್ತಾರೆ. ಗದ್ದೆ ಹೋಗಿ ಬಡಾವಣೆ ಬಂದಿದೆ, ತಗ್ಗು ಮಾತ್ರ ತಗ್ಗಾಗಿಯೇ ಉಳಿದಿದೆ.

ನಮ್ಮ ಅಬ್ಬ ವರ್ಷಗಳಿಂದ ಚೀಟಿ ಕಟ್ಟುತ್ತಿರುವುದು 20×30 ಸೈಟಿಗಾಗಿ. ಬ್ರೋಕರ್ ಕೊಡುವ ಖಾತಾ, ಇಸಿ, ಕಂದಾಯ ರಸೀದಿಗಳನ್ನು ಮನೆಯಲ್ಲಿ ಓದಿ ಹೇಳುವವನು ನಾನು. ಜಾಗದ ಮೇಲೆ ಸಾಲ ಇದೆಯೇ ಎಂದು ಇಸಿ ಹೇಳುತ್ತದೆ. ನೀರು ಎತ್ತ ಹರಿಯುತ್ತಿತ್ತು ಎಂದು ಯಾವ ಕಾಗದವೂ ಹೇಳುವುದಿಲ್ಲ.

ಹಳೆಯ ನಕ್ಷೆ ಹಿಡಿದು ಹೊರಟರೆ ಅರ್ಧ ಊರನ್ನೇ ಒಡೆಯಬೇಕಾದೀತು ಎನ್ನುವವರಿದ್ದಾರೆ. ನಾನು ಒಡೆಯಿರಿ ಎನ್ನುತ್ತಿಲ್ಲ. ಇಲ್ಲದವರು ತಗ್ಗಿನಲ್ಲಿ ಕೊಳ್ಳುವುದು ಅಲ್ಲಿ ಬೆಲೆ ಕಡಿಮೆ ಎಂದು. ಏಕೆ ಕಡಿಮೆ ಎಂಬುದು ದುಡ್ಡು ಕೊಡುವ ಮೊದಲೇ ಅವರಿಗೆ ತಿಳಿಯಬೇಕು. ತನಗೆ ಗೊತ್ತಿರುವ, ಕೊಳ್ಳುವವನಿಗೆ ಸುಲಭವಾಗಿ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮೇ ಹೇಳುತ್ತದೆ. ಹಾಗಾಗಿ ನೋಂದಣಿಯ ವೇಳೆ ಇಸಿ ಜೊತೆಗೆ ಆ ಜಾಗದ ಹಳೆಯ ನಕ್ಷೆಯ ಪ್ರತಿಯನ್ನೂ ಕಡ್ಡಾಯ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ ನಾವೇ ಮಾಡಬಹುದಾದ ಕೆಲಸವಿದೆ. ಸರ್ಕಾರದ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದನ್ನು ಟೋಪೋಶೀಟ್ ಜೊತೆ ಹೋಲಿಸಿ ನೋಡಬಹುದು. ನಮ್ಮ ಲೈಬ್ರರಿಯ ಗೋಡೆಗೆ 57 ಜಿ/12 ಹಾಳೆಯನ್ನು ಹಾಕಿಸಬೇಕೆಂದು ಪ್ರಿನ್ಸಿಪಾಲರಲ್ಲಿ ವಿನಂತಿ. ಮನೆಯ ಕಾಗದಪತ್ರ ಓದಿ ಹೇಳುವ ನಾವು ನಕ್ಷೆ ಓದುವುದನ್ನೂ ಕಲಿಯೋಣ.