ಮೂರು ಬಣ್ಣದ ತಿರುಪುಗಳು

ಮಕ್ಕಳೇ, ರಜೆಗೆಂದು ಮೊಮ್ಮಗ ಊರಿಗೆ ಬಂದಿದ್ದ. ಬಂದ ಮರುದಿನವೇ ನನ್ನ ಹಳೆಯ ಟ್ರಾನ್ಸಿಸ್ಟರ್ ರೇಡಿಯೊದ ದನಿ ಬಿದ್ದುಹೋಯಿತು. ಧಾರವಾಡ ಆಕಾಶವಾಣಿ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ಹುಡುಗ ಊಟಕ್ಕೆ ಕೂತಾಗಲೂ ತಲೆ ಎತ್ತಲಿಲ್ಲ. ಹಿಂದಿನ ಮುಚ್ಚಳ ತೆಗೆದು ನೋಡಿದೆ. ಹಳದಿ, ಬಿಳಿ, ಕಪ್ಪು ತಿರುಪುಗಳ ಮೇಲೆ ಹೊಸ ಗೀರುಗಳಿದ್ದವು.

ನಾನು ಬೈಯಲಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ.

"ಅಜ್ಜಾ, ಗಾಳ್ಯಾಗ ಇಷ್ಟೊಂದು ಸ್ಟೇಷನ್ ಇರ್ತಾವ, ರೇಡಿಯೊ ಒಂದನ್ನ ಅಷ್ಟ ಹೆಂಗ ಹಿಡೀತೈತಿ?" ಎಂದು ಮೆಲ್ಲಗೆ ಕೇಳಿದ.

"ಪಂಚಮಿಗೆ ಜೋಕಾಲಿ ಆಡೀಯಲ್ಲ, ಹಂಗ" ಎಂದೆ.

2 ಮೀಟರ್ ಹಗ್ಗದ ಜೋಕಾಲಿ ಹೋಗಿ ಬರಲು ಸುಮಾರು 2.8 ಸೆಕೆಂಡು ಬೇಕು. ಆ ತಾಳಕ್ಕೆ ಸರಿಯಾಗಿ ಮೆಲ್ಲಗೆ ನೂಕಿದರೂ ಸಾಕು, ಜೀಕು ಏರುತ್ತಲೇ ಹೋಗುತ್ತದೆ. ತಾಳ ತಪ್ಪಿದರೆ ಎಷ್ಟು ನೂಕಿದರೂ ಏರದು. ಇದೇ ಅನುರಣನ. ರೇಡಿಯೊದ ಜೋಕಾಲಿಯೆಂದರೆ ತಂತಿಯ ಸುರುಳಿ ಮತ್ತು ಕೆಪಾಸಿಟರ್ ಜೋಡಿ. ವಿದ್ಯುತ್ತು ಅವೆರಡರ ನಡುವೆ ಜೀಕುತ್ತದೆ. ನಾವು ಗುಂಡಿ ತಿರುಗಿಸಿದರೆ ಕೆಪಾಸಿಟರ್ ಬದಲಾಗುತ್ತದೆ. ಅದು ಹಗ್ಗದ ಉದ್ದ ಬದಲಿಸಿದಂತೆ. ಧಾರವಾಡದ ಅಲೆ 765 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 7,65,000 ಸಲ ಜೀಕುವಂಥದ್ದು. ಬೆಂಗಳೂರಿನದು 612.

ಆದರೆ ಒಂದೇ ಜೋಕಾಲಿಯಿಂದ ಕೆಲಸ ಪೂರ್ತಿಯಾಗದು. ಮಧ್ಯಮ ತರಂಗದಲ್ಲಿ ಎರಡು ನಿಲ್ದಾಣಗಳ ನಡುವೆ 9 ಕಿಲೋಹರ್ಟ್ಸ್‌ನಷ್ಟೇ ಅಂತರ ಇರಬಹುದು. ಪಕ್ಕದವರ ನೂಕಿಗೂ ಅದು ಕೊಂಚ ಅಲುಗುತ್ತದೆ. ಅದಕ್ಕೆ ರೇಡಿಯೊ ಒಂದು ಉಪಾಯ ಮಾಡುತ್ತದೆ. ಬೇಕಾದ ನಿಲ್ದಾಣಕ್ಕಿಂತ 455 ಹೆಚ್ಚಿನ ಅಲೆಯೊಂದನ್ನು ತಾನೇ ಹುಟ್ಟಿಸುತ್ತದೆ. ಧಾರವಾಡಕ್ಕೆ 1220, ಬೆಂಗಳೂರಿಗೆ 1067. ಎರಡೂ ಅಲೆಗಳನ್ನು ಬೆರೆಸಿದಾಗ ವ್ಯತ್ಯಾಸ ಯಾವಾಗಲೂ 455! ಹಾಗಾಗಿ ಮುಂದಿನ ಆಂಪ್ಲಿಫಯರ್‌ಗಳು ಆ ಒಂದನ್ನೇ ಗುರುತಿಸಿ ಹಿಗ್ಗಿಸಿದರೆ ಸಾಕು. ಅವುಗಳ ಜೊತೆ ಸಾಲಾಗಿ ನಿಂತ ಮೂರು ಸುರುಳಿಗಳು ಮೂರು ಜರಡಿಗಳಿದ್ದಂತೆ. 455 ಅನ್ನು ಮುಂದೆ ಬಿಟ್ಟು, ಉಳಿದದ್ದನ್ನು ತಡೆಯುತ್ತವೆ.

ನಮ್ಮ ಬಣ್ಣದ ತಿರುಪುಗಳು ಆ ಸುರುಳಿಗಳದ್ದು. ಅವು ಫೆರೈಟ್ ತುಂಡುಗಳು. ತಿರುಗಿಸಿದರೆ ಸುರುಳಿಯ ತಾಳ ಬದಲಾಗುತ್ತದೆ. ಮೊಮ್ಮಗ ಮೂರನ್ನೂ ಮೂರು ತಾಳಕ್ಕೆ ತಿರುಗಿಸಿದ್ದ. ಒಂದು ಹಿಗ್ಗಿಸಿದ್ದನ್ನು ಇನ್ನೊಂದು ಕುಗ್ಗಿಸುತ್ತಿತ್ತು.

ಇಬ್ಬರೂ ಕೂತು ಸರಿಪಡಿಸಿದೆವು. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೂ ತಾಳ ಬದಲಾಗುತ್ತದೆ, ಒತ್ತಿದರೆ ಫೆರೈಟ್ ಒಡೆಯುತ್ತದೆ. ಅದಕ್ಕೆ ಪ್ಲಾಸ್ಟಿಕ್ ಕಡ್ಡಿಯೊಂದರ ತುದಿ ಹೆರೆದುಕೊಂಡೆವು. ಕಾಲು ಸುತ್ತು ತಿರುಗಿಸುವುದು, ಕಿವಿಗೊಡುವುದು, ದನಿ ಏರಿದರೆ ಅಲ್ಲೇ ನಿಲ್ಲುವುದು. ಒಂದು ತಾಸು ಹಿಡಿಯಿತು.

ಈಗ ಬೈಯದಿದ್ದ ಕಾರಣ. ಅವನ ವಯಸ್ಸಿನಲ್ಲಿ ಅಪ್ಪನ ರೇಡಿಯೊದ ತಿರುಪುಗಳನ್ನು ನಾನೂ ತಿರುಗಿಸಿದ್ದೆ. ಏಟು ತಿಂದವನು ಅಣ್ಣ. ನಾನು ಕಂಬದ ಹಿಂದೆ ನಿಂತು ನೋಡಿದೆ, ಬಾಯಿ ಬಿಡಲಿಲ್ಲ. ಅಪ್ಪ ತೀರಿಕೊಂಡ ಮೇಲೂ ಹೇಳಲಿಲ್ಲ.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಈಗರ ಧಾರವಾಡ ಚಲೋ ಕೇಳತೈತೇನೋ?"